ಹೊದಿಕೆ ಎತ್ತಿ ನೋಡಿದವಳು

"ಯಾರ್ರೀ ಇವರನ್ನ ಕಟ್ಟಿ ಹಾಕಿದ್ದು?!"

ಹೇಮಶ್ರೀ ಕೂಗಿದ ರಭಸಕ್ಕೆ ವಾರ್ಡಿನಲ್ಲಿದ್ದ ಅಜ್ಜ ಅಜ್ಜಿಯರೆಲ್ಲ ತಿಂಡಿಯ ತಟ್ಟೆ ಬಿಟ್ಟು ತಲೆಯೆತ್ತಿದರು.

ಅವಳ ಕೈಯಲ್ಲಿ ಈಗಷ್ಟೇ ಎತ್ತಿದ ಹೊದಿಕೆಯ ತುದಿ ಇತ್ತು. ಅದರಡಿ ಒಬ್ಬ ಅಜ್ಜಿಯ ಬಡಕಲು ಕೈ. ಆ ಕೈಯನ್ನು ಟವೆಲಿನಿಂದ ಮಂಚದ ಕಂಬಿಗೆ ಬಿಗಿಯಲಾಗಿತ್ತು!

"ನಾನೇ ಮೇಡಂ."

ಹೇಳಿದವನು ಪಕ್ಕದಲ್ಲೇ ನಿಂತು ಅದೇ ಅಜ್ಜಿಯ ತಲೆ ಬಾಚುತ್ತಿದ್ದ. ಮೂವತ್ತರ ಆಸುಪಾಸಿನ ಆಳು. ನೀಲಿ ಅಂಗಿ, ಎದೆಯ ಮೇಲೆ ಹೆಸರಿನ ಪಟ್ಟಿ: ಧನಪಾಲ್, ನರ್ಸ್.

ಹೇಮಶ್ರೀಗೆ ಸಿಡಿಲು ಬಡಿದಂತಾಯಿತು. ಐದು ವರ್ಷದ ಕೆಲಸದಲ್ಲಿ ಎಂತೆಂಥ ನೆಪ ಕೇಳಿದ್ದಳು ಅವಳು! 'ನಾನಲ್ಲ ಮೇಡಂ', 'ನಾನು ರಜದಲ್ಲಿದ್ದೆ ಮೇಡಂ'... ಹೀಗೆ ಮುಖಕ್ಕೆ ಮುಖ ಕೊಟ್ಟು 'ನಾನೇ' ಎಂದವನನ್ನು ಮಾತ್ರ ಕಂಡಿರಲಿಲ್ಲ.

"ನಿಮ್ಮ ಹೆತ್ತ ತಾಯಿ ಆಗಿದ್ರೆ ಹೀಗೆ ಕಟ್ತಿದ್ರೇನ್ರೀ? ಮನುಷ್ಯತ್ವ ಅನ್ನೋದು ಇದೆಯಾ ನಿಮಗೆ?"

ಬಾಚಣಿಗೆ ಹಿಡಿದ ಕೈ ನಿಂತುಹೋಯಿತು. ಅವನ ಮುಖ ಬಿಳಿಚಿಕೊಂಡಿತು.

"ಬರ್ಕೊಳ್ಳಿ ಮೇಡಂ... ಒಂದಕ್ಷರಾನೂ ಬಿಡದೆ ಬರ್ಕೊಳ್ಳಿ," ಎಂದಷ್ಟೇ ಹೇಳಿ ಅವನು ಗಂಟು ಬಿಚ್ಚತೊಡಗಿದ.

'ಎಂಥಾ ಭಂಡ!' ಎಂದುಕೊಂಡಳು ಹೇಮಶ್ರೀ.

ಅವಳ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಕಡೂರಿನ ಹುಡುಗಿ. ನರ್ಸಿಂಗ್ ಓದಿ, ಹಿರಿಯರ ಆರೈಕೆ ಮನೆಗಳಲ್ಲಿ ಆರೈಕೆ ನಿಜಕ್ಕೂ ಹೇಗಿದೆ ಎಂದು ನೋಡಿ ಅಂಕ ಕೊಡುವ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದಳು. ಅವಳ ವರದಿ ಕೆಟ್ಟರೆ ಹೋಮಿನ ಪರವಾನಗಿಗೇ ಕುತ್ತು. ಮಾಲೀಕರು ಅವಳ ಹೆಸರು ಕೇಳಿದರೆ ಬೆವರುತ್ತಿದ್ದರು. ಕೋಪ ಮೂಗಿನ ತುದಿಯಲ್ಲಿ, ಕರುಣೆ ಅದರ ಹಿಂದೆಯೇ. ಎರಡೂ ಜಾಸ್ತಿ, ಅದೇ ಅವಳ ಕಷ್ಟ.

ಈ ಸಲ ಬಂದಿದ್ದು ತರೀಕೆರೆ ಹೊರವಲಯದ 'ಹೊಂಗೆನೆರಳು' ಎಂಬ ಹೋಮಿಗೆ. ಇಪ್ಪತ್ತೆರಡು ಜನ ಹಿರಿಯರು, ಮೂರು ದಿನದ ತಪಾಸಣೆ. ಯಾರೋ ದೂರು ಕೊಟ್ಟಿದ್ದರಂತೆ. ಆದರೆ ದೂರಿನ ಪತ್ರವನ್ನು ಮೇಲಧಿಕಾರಿ ಭುವನಾ ಮೇಡಂ ತೋರಿಸುವುದು ವರದಿ ಬರೆದ ಮೇಲೆಯೇ. ಮೊದಲೇ ಓದಿದರೆ ನೋಡುವ ಕಣ್ಣು ಒಂದು ಕಡೆ ವಾಲುತ್ತದೆ ಎನ್ನುವುದು ಅವರ ನಿಯಮ.

ಎರಡನೇ ದಿನ ಹೇಮಶ್ರೀಗೆ ಇನ್ನೊಂದು ಆಘಾತ.

ಬಹಳ ದಿನ ಮಲಗಿದ್ದವರಿಗೆ ಬೆನ್ನಲ್ಲಿ ಹುಣ್ಣಾಗಿದೆಯೇ ಎಂದು ಒಬ್ಬೊಬ್ಬರನ್ನೇ ಮಗ್ಗುಲಾಗಿಸಿ ನೋಡುತ್ತಾ ಬಂದಳು. ಒಬ್ಬರ ಬೆನ್ನಲ್ಲೂ ಹುಣ್ಣಿಲ್ಲ! ದೊಡ್ಡ ದೊಡ್ಡ ಊರಿನ ಹೋಮುಗಳಲ್ಲೂ ಅವಳು ಇಂಥದ್ದು ಕಂಡಿರಲಿಲ್ಲ. ಎರಡೆರಡು ಗಂಟೆಗೊಮ್ಮೆ ಹೊರಳಿಸಿ ಮಲಗಿಸದೆ ಇದು ಸಾಧ್ಯವೇ ಇಲ್ಲ.

"ಯಾರು ಹೊರಳಿಸೋದು?" ಎಂದು ಕೇಳಿದಳು.

"ನಾನೇ," ಎಂದ ಧನಪಾಲ್.

ಅದೇ ಮಾತು! ಕಟ್ಟಿದ್ದೂ ಇವನೇ, ಕಾಪಾಡಿದ್ದೂ ಇವನೇನಾ?

ನಿನ್ನೆ ಕಟ್ಟಿಸಿಕೊಂಡಿದ್ದ ಅಜ್ಜಿ, ಕಾಶಮ್ಮ, ಮರೆವಿನ ಕಾಯಿಲೆಯವರು. ಅವನ ಅಂಗಿಯ ತುದಿ ಹಿಡಿದು ಕೇಳುತ್ತಿದ್ದರು. "ಏನಪ್ಪಾ ಡಾಕ್ಟ್ರೇ, ನನ್ ಮಗ ಸ್ಕೂಲಿಂದ ಬಂದ್ನಾ? ಕರ್ಕೊಂಬರಕ್ಕೆ ಹೋಗ್ಬೇಕು ಕಣಪ್ಪ ನಾನು..."

"ಬತ್ತಾನೆ ಕಾಶಮ್ಮ. ಇನ್ನೂ ಬೆಲ್ಲೇ ಹೊಡ್ದಿಲ್ಲ. ಒಂದ್ ತುತ್ತು ತಿನ್ನಿ."

"ಮಗನ್ನ ಹುಡುಕ್ಕೊಂಡು ರಾತ್ರಿ ಹೊತ್ತು ಎದ್ದು ಹೊರಟುಬಿಡ್ತಾರೆ," ಎಂದ ಅವನು ಹೇಮಶ್ರೀ ಕಡೆ ನೋಡದೆಯೇ. "ಹೋದ ವರ್ಷ ಬಿದ್ದು ಸೊಂಟ ಮುರ್ಕೊಂಡ್ರು."

ಅವನ ದನಿಯಲ್ಲಿ ಏನೋ ಒಡೆದಂತಿತ್ತು. ಹೇಮಶ್ರೀಯ ಎದೆ ಚುರ್ ಎಂದಿತು. ಇಂಥವನು ಕೆಟ್ಟವನಾಗಿರಲು ಸಾಧ್ಯವಾ?

ಮಧ್ಯಾಹ್ನ ಅವನು ಒಂದು ಲೋಟ ಮಜ್ಜಿಗೆ ತಂದಿಟ್ಟ.

"ತಪಾಸಣೆಗೆ ಬಂದ ಕಡೆ ನಾವು ಏನೂ ತಗೊಳ್ಳೋ ಹಾಗಿಲ್ಲ," ಎಂದಳು ಬಿಗಿಯಾಗಿ.

"ಗೊತ್ತು. ಬಾಯಿ ಒಣಗಿದೆ ನಿಮ್ದು. ಬೆಳಗ್ಗಿಂದ ಒಂದ್ಕಡೆ ಕೂತಿಲ್ಲ ನೀವು," ಎಂದವನು ಮಜ್ಜಿಗೆ ವಾಪಸ್ ಒಯ್ದು ನೀರು ತಂದಿಟ್ಟ. "ನೀರಿಗೂ ರೂಲ್ಸ್ ಇದ್ಯಾ?"

ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ನಕ್ಕಾಗ ಅವನು ಚೆನ್ನಾಗಿ ಕಾಣುತ್ತಾನೆ ಎನ್ನುವುದು ಯಾವ ಕಾಲಂನಲ್ಲೂ ತುಂಬಿಸುವ ವಿಷಯವಲ್ಲ, ಆದರೂ ಅವಳು ಗಮನಿಸಿಬಿಟ್ಟಳು. ಅವತ್ತು ಕಡೂರಿನ ಬಸ್ಸಿನಲ್ಲಿ ಕೂತು ಕಿಟಕಿಗೆ ತಲೆಯಾನಿಸಿ ತನಗೆ ತಾನೇ ಬೈದುಕೊಂಡಳು. 'ನಿನಗೇನ್ ತಲೆ ಕೆಟ್ಟಿದ್ಯೇನೇ ಹೇಮಾ? ಮುದುಕಿ ಕೈ ಕಟ್ಟಿದವನು ಅವನು!'

ಮೂರನೇ ದಿನ ವಾರ್ಡಿಗೆ ಕಾಲಿಡುತ್ತಿದ್ದಂತೆ ಬಾಗಿಲ ಪಕ್ಕದ ಮಂಚದ ತಿಮ್ಮಕ್ಕಜ್ಜಿ ಸೆರಗು ಹಿಡಿದು ಜಗ್ಗಿದರು. "ಏ ಹುಡ್ಗಿ, ಇಲ್ ಬಾ. ನಿಂಗೊಂದ್ ಮಾತ್ ಹೇಳ್ಬೇಕು."

"ಆಮೇಲೆ ಬರ್ತೀನಜ್ಜಿ, ಮಾಲೀಕರು ಕಾಯ್ತಿದಾರೆ."

ಆ 'ಆಮೇಲೆ' ಬರಲೇ ಇಲ್ಲ. ಅಲ್ಲೇ ನೋಡಿ ನಮ್ಮ ಹುಡುಗಿ ಎಡವಿದ್ದು.

ಮಾಲೀಕ ರಘುನಾಥ್ ಮೇಜಿನ ಮೇಲೆ ಎರಡು ಕಾಗದ ಹರಡಿಟ್ಟಿದ್ದ. ಮಾತು ಬೆಣ್ಣೆಯಂತೆ. ಒಂದು ರಾತ್ರಿ ಪಾಳಿಯ ಹಾಜರಾತಿ, ನಾಲ್ಕು ಜನರ ಸಹಿ. ಇನ್ನೊಂದು, 'ಯಾರನ್ನೂ ಕಟ್ಟಬಾರದು' ಎಂಬ ಆದೇಶ. ಅದರ ಕೆಳಗೆ ಧನಪಾಲನ ಸಹಿ!

ಹೇಮಶ್ರೀ ಅವನನ್ನು ಕರೆಸಿದಳು.

"ರಾತ್ರಿ ಎಷ್ಟು ಜನ ಇರ್ತೀರಾ?"

"ನಾನೊಬ್ನೇ, ಮೇಡಂ."

ರಘುನಾಥ್ ನಕ್ಕ. "ನೋಡಿ ಮೇಡಂ, ಎದುರಿಗೇ ಸುಳ್ಳು! ನಾಲ್ಕು ಜನಾನೂ ಹೊರಗೆ ಯೂನಿಫಾರ್ಮಲ್ಲೇ ಇದಾರೆ, ಕೇಳಿ ಬೇಕಾದ್ರೆ."

"ಈ ಸಹಿ... ನಿಮ್ಮದೇನಾ?" ಎಂದು ಕೇಳುವಾಗ ಅವಳು ಮನಸ್ಸಿನೊಳಗೆ ಬೇಡಿಕೊಳ್ಳುತ್ತಿದ್ದಳು. ಅಲ್ಲ ಅನ್ನು... ದಯವಿಟ್ಟು ಅಲ್ಲ ಅನ್ನು!

"ನಂದೇ."

ಮುಗಿಯಿತು! ಎರಡು ದಿನದಿಂದ ಮೆತ್ತಗಾಗಿದ್ದ ಮನಸ್ಸು ಚೂರಾಯಿತು. ಮೋಸ ಹೋದೆನಲ್ಲ ಎಂಬ ಸಿಟ್ಟು ನೆತ್ತಿಗೇರಿತು. ಕಟ್ಟಿದ್ದಕ್ಕೆ ಹೊಣೆ ಯಾರು ಎಂಬ ಕಾಲಂನಲ್ಲಿ 'ಧನಪಾಲ್' ಎಂದು ಬರೆದಳು, ಅವನ ಎದುರಿಗೇ. ಅವನು ಆ ಕಾಗದವನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ವಾರ್ಡಿಗೆ ಹೊರಟುಹೋದ.

ಎರಡು ದಿನ ಕಳೆದು ಕಡೂರಿನ ಆಫೀಸಿನಲ್ಲಿ ಭುವನಾ ಮೇಡಂ ವರದಿಗೆ ದೂರಿನ ಪತ್ರ ಲಗತ್ತಿಸಲು ಹೇಳಿದರು. ಹೇಮಶ್ರೀ ಲಕೋಟೆ ಒಡೆದಳು.

'ನಮ್ಮ ಹೋಮಿನಲ್ಲಿ ಇಪ್ಪತ್ತೆರಡು ಜನಕ್ಕೆ ರಾತ್ರಿ ಒಬ್ಬನೇ ಇರುತ್ತಾನೆ. ಒಬ್ಬರನ್ನು ಎತ್ತುವಾಗ ಇನ್ನೊಬ್ಬರು ಬೀಳುತ್ತಾರೆ. ಅದಕ್ಕೆ ಐದು ಜನರನ್ನು ಕಟ್ಟಲಾಗುತ್ತದೆ. ಇದು ತಪ್ಪು, ದಯವಿಟ್ಟು ಬಂದು ನೋಡಿ. ಕಟ್ಟುತ್ತಿರುವವನು ನಾನು. ಕಟ್ಟಿಸಿಕೊಳ್ಳುವವರಲ್ಲಿ ಒಬ್ಬರು ನನ್ನ ತಾಯಿ ಕಾಶಮ್ಮ.

ಇಂತಿ, ಧನಪಾಲ್.'

ಕಾಗದ ಕೈಯಿಂದ ಜಾರಿತು.

ತಾಯಿ?! ಆ ಕಾಶಮ್ಮ... ಅವನ ತಾಯಿ?

'ನಿಮ್ಮ ಹೆತ್ತ ತಾಯಿ ಆಗಿದ್ರೆ ಹೀಗೆ ಕಟ್ತಿದ್ರೇನ್ರೀ?' ಇಡೀ ವಾರ್ಡಿನ ಎದುರು ತಾನು ಕೂಗಿದ್ದ ಮಾತು! ಹೇಮಶ್ರೀ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಅಯ್ಯೋ, ಯಾವ ಬಾಯಲ್ಲಿ ಅಂದೆ ಅದನ್ನ? ದೂರು ಕೊಟ್ಟವನನ್ನೇ ಅಪರಾಧಿ ಅಂತ ಬರೆದುಬಿಟ್ಟೆನಾ?

ಆಗಲೇ ಫೋನು ಬಡಿದುಕೊಂಡಿತು. ತಿಮ್ಮಕ್ಕಜ್ಜಿ! ತಪಾಸಣೆಯ ದಿನ ಎಲ್ಲರ ಕೈಗೂ ಅವಳೇ ಕೊಟ್ಟಿದ್ದ ಚೀಟಿಯಲ್ಲಿ ನಂಬರ್ ಇತ್ತು.

"ಲೇ ಹುಡ್ಗಿ! ಕಾಗ್ದಾನ ಕೇಳಿದ್ಯಲ್ಲ, ನಮ್ಮನ್ನ ಕೇಳಿದ್ಯೇನೇ ನೀನು?"

"ಅಜ್ಜಿ..."

"ಆ ನಾಲ್ಕ್ ಜನ ಯೂನಿಫಾರಂನೋರು ನೀನ್ ಇದ್ದಷ್ಟ್ ದಿನ ಇದ್ರು. ನೀನ್ ಬಸ್ ಹತ್ತಿದ್ದೇ ತಡ ಅವ್ರೂ ಬಟ್ಟೆ ಬಿಚ್ಚಿಟ್ಟು ಹೋದ್ರು. ನಮ್ ಹುಡುಗನ್ನ ಅವತ್ತೇ ಸಂಜೆ ಓಡ್ಸ್ಬಿಟ್ಟ ಆ ರಘುನಾಥ. ಪಾಪ, ಅವ್ವನ್ನ ಕರ್ಕೊಂಡು ಶಿವನಿ ಊರಿಗೆ, ತಂಗಿ ಮನೆಗೆ ಹೋದ. ಈಗ ನಮ್ಮನ್ನ ಕಟ್ಟಾಕಕ್ಕೂ ಒಬ್ಬ ಗತಿಯಿಲ್ಲ ಕಣೇ!"

ಆ ಕೊನೆಯ ಮಾತಿಗೆ ಹೇಮಶ್ರೀಯ ಮೈ ಝುಮ್ಮೆಂದಿತು.

ಅತ್ತು ಕೂರುವ ಜಾಯಮಾನ ಅವಳದ್ದಲ್ಲ. ಮಾರನೇ ಬೆಳಗ್ಗೆ ಏಳಕ್ಕೇ, ಯಾರಿಗೂ ಹೇಳದೆ ಕೇಳದೆ ಭುವನಾ ಮೇಡಂ ಜೊತೆ ಹೊಂಗೆನೆರಳಿಗೆ ನುಗ್ಗಿದಳು. ಇಪ್ಪತ್ತೊಂದು ಜನ ಹಿರಿಯರು, ಒಬ್ಬಳು ಅಡುಗೆಯವಳು! ಒದ್ದೆ ಹಾಸಿಗೆಯಲ್ಲಿ ನಡುಗುತ್ತಿದ್ದವರು, ನೀರು ನೀರು ಎನ್ನುತ್ತಿದ್ದವರು... ಈ ಸಲ ಅವಳು ಮೊದಲು ಕಾಗದ ಮುಟ್ಟಲಿಲ್ಲ. ಸೆರಗು ಸಿಕ್ಕಿಸಿ ಹಾಸಿಗೆ ಬದಲಿಸಿದಳು, ನೀರು ಕುಡಿಸಿದಳು. ಆಮೇಲೆ ಒಬ್ಬೊಬ್ಬರ ಮಂಚದ ಮೇಲೂ ಕೂತು ಕೇಳಿದಳು, ಕೇಳಿದ್ದನ್ನೆಲ್ಲ ಬರೆದುಕೊಂಡಳು.

"ಹಳೇ ವರದಿ ವಾಪಸ್ ತಗೊಂಡ್ರೆ ನಿನ್ನ ಫೈಲಿಗೆ ಕಪ್ಪು ಚುಕ್ಕೆ ಬೀಳುತ್ತೆ ಹೇಮಾ," ಎಂದರು ಭುವನಾ ಮೇಡಂ.

"ಬೀಳ್ಲಿ ಮೇಡಂ. ಇನ್ನೊಂದು ಕಾಗದಾನೂ ಕೊಡೋದಿದೆ," ಎಂದಳು. ಆ ಕಾಗದ ಓದಿ ಮೇಡಂ ಕನ್ನಡಕ ತೆಗೆದು ಅವಳನ್ನೇ ನೋಡುತ್ತಾ ಕೂತರು.

ಮಾರನೇ ದಿನ ಅವಳು ಶಿವನಿಯ ಸ್ಟೇಷನ್ನಿನಲ್ಲಿ ಇಳಿದಾಗ ಸಂಜೆ ನಾಲ್ಕು. ವಿಚಾರಿಸಿಕೊಂಡು ಹೋದರೆ, ಧನಪಾಲ್ ತಂಗಿ ಮಾಲಿನಿಯ ಮನೆಯ ಜಗಲಿಯಲ್ಲಿ ಕೂತು ತಾಯಿಗೆ ಅನ್ನ ಕಲೆಸಿ ತಿನ್ನಿಸುತ್ತಿದ್ದ. ಇವಳನ್ನು ಕಂಡು ದಿಗ್ಗನೆದ್ದ.

"ಮೇಡಂ... ನೀವು?!"

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು ಅವಳಿಗೆ.

"ಯಾಕೆ ಹೇಳ್ಲಿಲ್ಲ ನೀವು?" ಎಂದಳು, ಅಳು ಒತ್ತರಿಸಿ ಬಂತು. "ಅವತ್ತೇ ಯಾಕೆ ಹೇಳ್ಲಿಲ್ಲ, ಇವ್ರು ನಮ್ಮವ್ವ ಅಂತ?"

"ಹೇಳಿದ್ರೆ ಮಗನ ಸಂಕಟ ಅಂತ ನಮ್ಮವ್ವ ಒಬ್ಬಳನ್ನೇ ನೋಡ್ತಿದ್ರಿ. ಮಿಕ್ಕ ಇಪ್ಪತ್ತೊಂದು ಜನ? ಜೊತೆಗೆ ದೂರು ನಂದು ಅಂತ ಗೊತ್ತಾದ್ರೆ ಅವ್ವನ್ನ ಆಚೆ ಹಾಕ್ತಿದ್ರು."

"ಐದು ಜನ ಅಂತ ಬರೆದಿದ್ರಿ. ಅವತ್ತು ನಾನು ಕಂಡಿದ್ದು ಒಬ್ರನ್ನೇ."

ಅವನು ತಲೆತಗ್ಗಿಸಿದ.

"ನೀವು ಬರೋಕ್ ಮುಂಚೆ ಆ ಆದೇಶಕ್ಕೆ ನನ್ನಿಂದ ಸಹಿ ಹಾಕಿಸ್ಕೊಂಡು, ಎಲ್ರನ್ನೂ ಬಿಚ್ಚು ಅಂದಿದ್ರು ಮಾಲೀಕರು. ನಾಲ್ಕು ಜನರನ್ನ ಬಿಚ್ಚಿದೆ. ಎಲ್ಲಾ ಬಿಚ್ಚಿಬಿಟ್ರೆ ನಿಮಗೆ ಗೊತ್ತಾಗೋದು ಹೇಗೆ? ಬೇರೆಯೋರ ತಾಯಿನ ಕಟ್ಟಿಟ್ಟು ತೋರ್ಸೋಕೆ ನನಗೇನು ಹಕ್ಕಿದೆ ಮೇಡಂ? ಅದಕ್ಕೆ... ನನ್ನ ಅವ್ವನ್ನೇ..."

ಅವನು ತಾಯಿಯ ಪಕ್ಕ ಕೂತು ಮುಖ ಮುಚ್ಚಿಕೊಂಡ. ಹೇಮಶ್ರೀ ನಿಂತಲ್ಲೇ ಕಲ್ಲಾದಳು. ಇಂಥದ್ದೊಂದು ನೋವನ್ನು ನುಂಗಿಕೊಂಡು ಇವನು ತನಗೆ ನೀರು ತಂದುಕೊಟ್ಟನಾ!

"ಯಾಕಪ್ಪಾ ಡಾಕ್ಟ್ರೇ ಅಳ್ತೀಯಾ?" ಕಾಶಮ್ಮ ಅವನ ತಲೆ ಸವರಿದರು. "ನನ್ ಮಗಾನೂ ಹಿಂಗೇ ಅಳ್ಬುರುಕ..."

ಹೇಮಶ್ರೀ ಕಣ್ಣೊರೆಸಿಕೊಂಡು ಅವನ ಪಕ್ಕ ಜಗಲಿಯ ಮೇಲೆ ಕೂತಳು. "ವರದಿ ಬದಲಾಯಿಸಿದೀನಿ. ಮುಖ್ಯ ಹೊಣೆ ರಘುನಾಥ್‌ದು. ರಾತ್ರಿಗೆ ನಿಜವಾಗ್ಲೂ ನಾಲ್ಕು ಜನ ಇರ್ಬೇಕು, ಇಲ್ಲದಿದ್ರೆ ಪರವಾನಗಿ ಇಲ್ಲ. ನಿಮ್ಮನ್ನ ಕೆಲಸದಿಂದ ತೆಗೆದಿದ್ದೂ ರದ್ದಾಗಬೇಕು ಅಂತ ಬರ್ದಿದೀನಿ. ಪರವಾನಗಿ ಹೋಗೋ ಭಯಕ್ಕೆ ರಘುನಾಥ್ ಒಪ್ಪಿ ಸಹಿ ಹಾಕಿದಾರೆ."

"ನನ್ನ ಹೆಸರು? ತೆಗೆದುಬಿಟ್ರಾ?"

"ಇಲ್ಲ. ಕಟ್ಟಿದ್ದು ತಪ್ಪೇ. ಅದು ಹಾಗೇ ಇದೆ."

ಅವನು ಉಸಿರುಬಿಟ್ಟ. "ತೆಗ್ದಿದ್ರೆ ನಿಮ್ಮ ಮೇಲಿದ್ದ ನಂಬಿಕೆ ಹೋಗ್ತಿತ್ತು."

"ಇನ್ನೊಂದು ವಿಷಯ... ಇನ್ಮೇಲೆ ಹೊಂಗೆನೆರಳಿಗೆ ತಪಾಸಣೆಗೆ ನಾನು ಬರಲ್ಲ. ಬೇರೆಯವರು ಬರ್ತಾರೆ."

"ಯಾಕೆ?!"

ಅವಳ ಮುಖ ಕೆಂಪೇರಿತು. "ನಿಯಮ. ತಪಾಸಣೆ ಮಾಡೋರಿಗೆ ಅಲ್ಲಿರೋ ಯಾರ ಮೇಲಾದ್ರೂ ಮನಸ್ಸಾಗಿದ್ರೆ, ಆಫೀಸಿಗೆ ತಿಳಿಸಿ ಹಿಂದೆ ಸರೀಬೇಕು. ತಿಳಿಸಿದೀನಿ."

ಧನಪಾಲ್ ಅವಳ ಕಡೆ ತಿರುಗಿ ಕೂತ.

"ಏನು... ಬರೆದು ಕೊಟ್ರಾ?!"

"ಸಹಿ ಸಮೇತ."

"ನನಗೆ ಹೇಳೋಕ್ ಮುಂಚೆ ಆಫೀಸಿಗೆ ಹೇಳಿದ್ರಾ!"

"ಹ್ಞೂಂ..." ಅವಳಿಗೆ ತಲೆಯೆತ್ತಲು ಆಗಲಿಲ್ಲ. "ನಿಮಗೆ ಬೇಡ ಅಂದ್ರೆ ಹೇಳ್ಬಿಡಿ. ಅಷ್ಟೆಲ್ಲ ಅಂದವಳು ನಾನು..."

"ನನ್ನ ಮಾತೂ ಸ್ವಲ್ಪ ಕೇಳಿ ಮೇಡಂ. ನಿಮಗಿಂತ ಮುಂಚೆ ಮೂರು ಸಲ ತಪಾಸಣೆಗೆ ಬಂದಿದ್ರು. ಬಾಗಿಲಲ್ಲೇ ನಿಂತು ನೋಡಿ, ಹೋಳಿಗೆ ಊಟ ಮಾಡಿ ಹೋದ್ರು. ನಮ್ಮವ್ವನ ಹೊದಿಕೆ ಎತ್ತಿ ನೋಡಿ, ಅವಳಿಗೋಸ್ಕರ ಹಾಗೆ ಕೂಗಾಡಿದ್ದು ನೀವೊಬ್ರೇ. ನೀವು ನನ್ನ ಬೈತಾ ಇದ್ರಿ... ನಾನು ಅಲ್ಲೇ ಸೋತುಹೋಗಿದ್ದೆ."

ಹೇಮಶ್ರೀ ಗಕ್ಕನೆ ತಲೆಯೆತ್ತಿದಳು. ಬೈದ ಗಳಿಗೆಯಲ್ಲಾ?! ಇವನಿಗೇನು ಹುಚ್ಚಾ? ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡಿದಳು.

ಅವನು ಮೆಲ್ಲಗೆ ಅವಳ ಕೈ ಹಿಡಿದ. "ಆಫೀಸಿಗೆ ಬರೆದಿದ್ದನ್ನ ಈಗ ನನಗೂ ಒಂದ್ಸಲ ಹೇಳಿ."

"ನೀವಂದ್ರೆ ಇಷ್ಟ ಕಣ್ರೀ."

"'ಕಣ್ರೀ' ಅಂತಾನಾ ಬರೆದಿದ್ದು?"

ಅವಳು ಅವನ ಭುಜಕ್ಕೆ ಹಣೆ ಹಚ್ಚಿ, ಅವನಿಗೊಬ್ಬನಿಗೇ ಕೇಳುವಷ್ಟು ಮೆತ್ತಗೆ ಅಂದಳು.

"ನೀನಂದ್ರೆ ಇಷ್ಟ ಕಣೋ."