ಎರಡಿಂಚು ನೀಲಿ ವೈರು

ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ನಾನು ಕೈ ಮುಗಿಯುವುದು ಮೊದಲು ನಂಜುಂಡಪ್ಪನಿಗೆ. ಆಮೇಲೆ ಅವನ ಫೋಟೋ ಪಕ್ಕದಲ್ಲಿಟ್ಟಿರುವ ಎರಡಿಂಚು ನೀಲಿ ವೈರಿಗೆ. ಅದಕ್ಕೂ ಕುಂಕುಮ ಇಟ್ಟಿದ್ದೇನೆ. ನಗಬೇಡಿ. ಕಥೆ ಕೇಳಿದ ಮೇಲೆ ನೀವೂ ಒಂದು ಹೂವು ಏರಿಸುತ್ತೀರಿ.

ನನ್ನ ಹೆಸರು ಚೆಲುವರಾಜು. ಟಿ. ನರಸೀಪುರದಲ್ಲಿ ನನ್ನದೊಂದು ಗ್ಯಾರೇಜು. ಮಾಡುವುದು ರಿಪೇರಿ, ಜೊತೆಗೆ ಬಿಡುವುದು ಬುರುಡೆ. ಕೈ ಸ್ಪ್ಯಾನರ್ ಹಿಡಿದರೆ ಬಾಯಿ ತಾನಾಗಿ ಸ್ಟಾರ್ಟ್ ಆಗುತ್ತದೆ. ಊರಿನ ಹೆಂಗಸರಿಗೆಲ್ಲ ನಾನು ‘ಚೆಲುವಣ್ಣ’. ಒಬ್ಬಳು ಮಾತ್ರ ಒಂದು ದಿನವೂ ಅಣ್ಣ ಎನ್ನಲಿಲ್ಲ. ‘ಏನ್ರೀ’ ಎನ್ನುತ್ತಿದ್ದಳು. ಆ ‘ಏನ್ರೀ’ ಒಂದನ್ನೇ ಹಿಡಿದುಕೊಂಡು ನಾನು ಬದುಕಿದ್ದೆ.

ಅವಳು ಇಂದ್ರಾಣಿ. ನಂಜನಗೂಡಿನಲ್ಲಿ ಹೆಂಗಸರಿಗೆ ಕಾರು ಓಡಿಸಲು ಕಲಿಸುವವಳು. ಕಲಿಯುವವರು ಸ್ಟೇರಿಂಗ್ ಹಿಡಿದರೆ ಇವಳು ಎಡಗಡೆ ಸೀಟಿನಲ್ಲಿ, ಕಾಲ ಕೆಳಗೆ ಇನ್ನೊಂದು ಬ್ರೇಕ್ ಇಟ್ಟುಕೊಂಡು ಕೂರುತ್ತಾಳೆ. ಕಾರಿಗೆ ನೆಗಡಿಯಾದರೂ ಸಾಕು, ಅಷ್ಟು ದೂರದಿಂದ ನನ್ನ ಹತ್ತಿರವೇ ತರುತ್ತಿದ್ದಳು.

ಬಂದಾಗಲೆಲ್ಲ ಎಡಗಡೆ ಕಿಟಕಿಗೆ ತಲೆ ಕೊಟ್ಟು ನಾನು ಶುರು ಮಾಡುತ್ತಿದ್ದೆ.

“ಕಪಿಲೆ ತುಂಬಿ ಬಂದಾಗ ಒಂದ್ ಕಾರ್ ಬಂದಿತ್ತು ಮೇಡಂ. ಗ್ಲಾಸು ತಾನೇ ಇಳೀತದೆ, ತಾನೇ ಏರ್ತದೆ. ಬಾಗ್ಲು ಬಿಚ್ಚಿ ನೋಡ್ತೀನಿ, ಒಳಗೊಂದು ಏಡಿ! ವೈರ್ ಹಿಡ್ಕೊಂಡು ಕೂತದೆ. ಅದಕ್ಕೇ ಟ್ರೈನಿಂಗ್ ಕೊಟ್ಟು—”

ಸರ್ರ್. ಸ್ಟೇರಿಂಗ್ ಹತ್ತಿರ ಕೂತ ಅವಳು ಸ್ವಿಚ್ ಒತ್ತಿದರೆ ಗ್ಲಾಸು ಏರಿಬಿಡುತ್ತಿತ್ತು. ಅದೇ ಅವಳ ತೀರ್ಪು. ಏರುವ ಗ್ಲಾಸಿನ ಹಿಂದೆ ತುಟಿ ಬಿಗಿ, ಕಣ್ಣಲ್ಲಿ ಮಾತ್ರ ನಗು. ಆ ಕಣ್ಣು ಕಾಣುವಷ್ಟು ಹೊತ್ತೂ ನಾನು ಏಡಿ ಕಥೆಯನ್ನು ಎಳೆಯುತ್ತಿದ್ದೆ.

ಒಂದು ಗುರುವಾರ ಕಾರು ಬಂದಾಗ ಎಡಗಡೆ ಗ್ಲಾಸು ಕೆಳಗೇ ಕೂತಿತ್ತು.

“ಏನ್ರೀ, ಇದು ಏರ್ತಾನೇ ಇಲ್ಲ. ಲಾರಿ ದೂಳೆಲ್ಲ ನನ್ ಬಾಯ್ಗೇ.”

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಕಿಟಕಿಗೆ ಗ್ಲಾಸಿಲ್ಲ, ಬೇಡವೆಂದರೂ ಕೇಳಿಸಿತು.

“ಊಂ ಕಣವ್ವ, ಭಾನುವಾರ ನೋಡಕ್ ಬರ್ಲಿ, ನಾನೇನ್ ಬ್ಯಾಡ ಅಂದ್ನಾ? ಗಂಡು ಒಪ್ಪಿದ್ರೆ ಆಯ್ತು ಬುಡು. ನನ್ನ ಬಾಯ್ಬಿಟ್ಟು ಕೇಳೋರು ಇನ್ಯಾರವ್ರೆ?”

ನನ್ನ ಎದೆಯ ಫ್ಯೂಸು ಅಲ್ಲೇ ಹಾರಿತು.

ಕಾರಿನ ಫ್ಯೂಸು ಮಾತ್ರ ಸರಿಯಾಗಿತ್ತು. ಮಿಕ್ಕ ಗ್ಲಾಸುಗಳೆಲ್ಲ ಓಡುತ್ತಿದ್ದವು. ಎಡಗಡೆ ಬಾಗಿಲಿಗೆ ಕಿವಿ ಕೊಟ್ಟೆ. ಗ್ಲಾಸು ಏರಿಸುವ ಮೋಟರಿಗೆ ಉಸಿರೇ ಇರಲಿಲ್ಲ.

“ನೀವು ಸ್ಟೇರಿಂಗ್ ಹತ್ರಾನೇ ಕೂತು ಈ ಗ್ಲಾಸಿನ ಸ್ವಿಚ್ ಒತ್ತಿ ಹಿಡ್ಕಳಿ. ನಾನು ಬಾಗ್ಲು ಆಡಿಸ್ತೀನಿ.”

ಬಾಗಿಲನ್ನು ಮೆಲ್ಲಗೆ ತೆರೆದೆ, ಮುಚ್ಚಿದೆ. ನಡುವೆ ಖಾಲಿ ಸೀಟು. ಆಚೆ ಅವಳು. ಬೆರಳು ಸ್ವಿಚ್ಚಿನ ಮೇಲೆ, ಕಣ್ಣು ನನ್ನ ಮೇಲೆ.

“ಏನ್ರೀ, ಇವತ್ತು ಒಳಗೆ ಏಡಿ ಇಲ್ವಾ?”

“ಇಲ್ಲ ಮೇಡಂ.”

“ಮೀನು?”

“ಅದೂ ಇಲ್ಲ.”

“ಜ್ವರ ಗಿರ ಬಂದದಾ ನಿಮ್ಗೆ?”

ಬಾಗಿಲು ಅರ್ಧ ತೆರೆದಾಗ ಗ್ಲಾಸು ಸರ್ ಎಂದು ಒಂದು ಬೆರಳಷ್ಟು ಎದ್ದು ನಿಂತುಬಿಟ್ಟಿತು. ಕಳ್ಳ ಸಿಕ್ಕಿದ! ಬಾಗಿಲಿಗೂ ಕಾರಿನ ಬಾಡಿಗೂ ನಡುವೆ ವೈರುಗಳು ಹಾಯುವ ಒಂದು ರಬ್ಬರ್ ಕೊಳವೆ ಇರುತ್ತದೆ. ಪಾಠದ ನಡುವೆ ಇವಳು ಇಳಿದು, ಹತ್ತಿ, ಬಾಗಿಲು ಆಡಿ ಆಡಿ, ಅದರೊಳಗಿನ ನೀಲಿ ವೈರು ಮುರಿದಿತ್ತು. ಹೊರಗೆ ನೋಡಿದರೆ ಗಟ್ಟಿ, ಒಳಗೆ ತಾಮ್ರವೆಲ್ಲ ತುಂಡು. ಥೇಟ್ ನನ್ನ ಹಾಗೆ.

‘ಮೈಸೂರಿಂದ ಪಾರ್ಟ್ ಬರಬೇಕು’ ಎಂದು ಒಂದು ಬುರುಡೆ ಬಿಟ್ಟಿದ್ದರೆ ಸಾಕಿತ್ತು. ಗ್ಲಾಸು ಏರುವಂತಿಲ್ಲ, ಅವಳು ನನ್ನ ಮಾತು ಪೂರ್ತಿ ಕೇಳಲೇಬೇಕು. ಆದರೆ ಮುಚ್ಚಲಾಗದ ಕಿಟಕಿಯಲ್ಲಿ ಹೇಳಿದ ಪ್ರೀತಿಗೆ ಏನು ಬೆಲೆ? ಬೇಡವೆಂದರೆ ಏರಿಸುವುದಕ್ಕೆ ಅವಳಿಗೆ ಗ್ಲಾಸು ಇರಬೇಕು.

ಮುರಿದ ತುಂಡು ಕತ್ತರಿಸಿ ಜೇಬಿಗೆ ಹಾಕಿಕೊಂಡೆ. ಹೊಸ ವೈರು ಸೇರಿಸಿ, ಬೆಸುಗೆ ಹಾಕಿ, ಟೇಪು ಸುತ್ತಿದೆ. ಬಾಗಿಲು ಹಾಕಿ ಕಿಟಕಿಯ ಹೊರಗೆ ನಿಂತೆ.

“ರೆಡಿ ಮೇಡಂ. ಈಗೊಂದು ಮಾತು ಹೇಳ್ತೀನಿ. ಬುರುಡೆ ಅನ್ನಿಸಿದ್ರೆ ಗ್ಲಾಸ್ ಏರಿಸ್ಬುಡಿ.”

“ಹೇಳಿ.”

“ಭಾನುವಾರ ಆ ಗಂಡನ್ನ ಒಪ್ಕಬ್ಯಾಡಿ. ನೀವಂದ್ರೆ ನಂಗೆ ಪ್ರಾಣ. ಇದ್ರಲ್ಲಿ ಏಡಿ ಇಲ್ಲ.”

ಸರ್ರ್.

ಗ್ಲಾಸು ಏರಿತು. ಎಲ್ಲೂ ತಡವರಿಸದೆ, ಬೆಣ್ಣೆಯ ಹಾಗೆ, ಪೂರ್ತಿ. ನನ್ನ ಕೈಗುಣಕ್ಕೆ ನಾನೇ ಶಾಪ ಹಾಕಿಕೊಂಡೆ. ಗ್ಲಾಸಿನಲ್ಲಿ ಗ್ರೀಸ್ ಮೆತ್ತಿದ ನನ್ನದೇ ಮುಖ ಕಂಡಿತು. ತಿರುಗಿ ಹೊರಟೆ.

ಬೆನ್ನ ಹಿಂದೆ ಮತ್ತೆ ಸರ್ರ್.

“ಎಲ್ಗೋಗ್ತೀಯಾ? ರಿಪೇರಿ ಸರ್ಯಾಗ್ ಅದಾ ಅಂತ ನೋಡ್ದೆ.”

ಹೋಗ್ತೀರಾ ಅಲ್ಲ, ಹೋಗ್ತೀಯಾ! ನನ್ನ ಕಾಲು ಅಲ್ಲೇ ಅಂಟಿಕೊಂಡಿತು.

“ಇನ್ನೊಂದ್ಸಲ ಹೇಳು. ಈಗ ಸ್ವಿಚ್ ಮುಟ್ಟಲ್ಲ.” ಎರಡೂ ಕೈ ಮೇಲೆತ್ತಿ ತೋರಿಸಿದಳು. ಬಳೆಗಳೆಲ್ಲ ಗಲಗಲ ಜಾರಿ ಮೊಣಕೈಗೆ ಬಂದವು.

ಹೇಳಿದೆ. ಈ ಸಲ ನಾಲಿಗೆ ತೊದಲಿತು.

“ನಂಜನಗೂಡ್ನಲ್ಲಿ ಗ್ಯಾರೇಜ್ ಇಲ್ಲ ಅಂತ ಇಷ್ಟ್ ದೂರ ಬತ್ತಿದ್ನಾ, ಪೆದ್ದ?” ಅವಳ ಕಣ್ಣು ತುಂಬಿತ್ತು. “ಒಂದಿನ ಏಡಿ ಬುಡ್ತೀಯ, ಒಂದಿನ ಮೀನು ಬುಡ್ತೀಯ. ಬೇಕಾದ್ ಮಾತು ಒಂದೂ ಬಾಯಿಂದ ಬರ್ನಿಲ್ಲ. ಕಾದು ಕಾದು ಸಾಕಾಗೋಗಿತ್ತು.”

“ಮತ್ತೆ ಭಾನುವಾರ?”

“ಅವ್ರಿಗೆ ಬರ್ಬ್ಯಾಡಿ ಅನ್ನಕ್ಕೆ ಅವ್ವ ಒಪ್ಬೇಕು. ಕಾರ್ ಹತ್ತು. ಅವ್ವಂಗೂ ಇದ್ನೇ ಹೇಳು, ಹಿಂಗೇ ಹೇಳು. ಒಂದಕ್ಷರ ಸೇರಿಸ್ಬ್ಯಾಡ.”

ಹತ್ತಿದೆ. ಅವಳದೇ ಸೀಟು ಅದು.

“ನಿಂಗೆ ಎಂಗೆ ಋಣ ತೀರಿಸ್ಲಿ ಇಂದ್ರಾಣಿ?”

“ನಂಗ್ಯಾಕೆ? ಆ ನೀಲಿ ವೈರಿಗೆ ಕೈ ಮುಗಿ.” ಗಾಡಿ ಸ್ಟಾರ್ಟ್ ಮಾಡಿದಳು. “ಕಾಲ್ಕೆಳಗೆ ಬ್ರೇಕ್ ಅದೆ, ಹುಷಾರು. ಅವ್ವನ್ ನೆನೆಸ್ಕೊಂಡು ತುಳಿದ್ಬುಟ್ಟೀಯ!”

ನಂಜನಗೂಡು ಸಿಗುವವರೆಗೂ ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು, ದೇವರ ಮುಂದೆ ಕೂತ ಹಾಗೆ ಕೂತಿದ್ದೆ. ಇದು ಬುರುಡೆಯಲ್ಲ. ಬೇಕಾದರೆ ಅವಳನ್ನೇ ಕೇಳಿ, ಪಾಠ ಮುಗಿಸಿ ಇನ್ನೇನು ಮನೆಗೆ ಬರುತ್ತಾಳೆ.