ಕಡಿಯದ ಲೈನು

ಗಂಗಾಶ್ರೀ ಮೊದಲ ದಿನ ಬೈದೇ ಮಾತು ಶುರುಮಾಡಿದ್ದಳು.

"ಬೆಳಿಗ್ಗೆಯಿಂದ ಮೂರು ಸಲ ಕಟ್ಟಾಯ್ತು. ಗಿರಾಕಿ ಸೀರೆ ಹಿಡ್ಕೊಂಡು ನಿಂತಿದ್ದಾರೆ, ಇಲ್ಲಿ ಇದು ಸುಮ್ನೆ ತಿರುಗ್ತಾನೇ ಇದೆ. ಯಾರ್ರೀ ಇದನ್ನ ಹಾಕಿದ್ದು?"

"ನಾನೇ ಮೇಡಂ," ಎಂದ ತಿಪ್ಪೇಶ, ಫೋನಿನ ಈ ತುದಿಯಲ್ಲಿ, ಶಿಕಾರಿಪುರದಿಂದ. "ಕಟ್ಟಾಗುತ್ತಾ ಇಲ್ವಾ ಅಂತ ನೋಡಾಕೇ ಹಾಕಿದ್ದು."

ಆ ಕಡೆಯಿಂದ, ತಡೆದರೂ ಜಾರಿಬಂದ ನಗು.

ತಿಪ್ಪೇಶನಿಗೆ ಮೂವತ್ತೊಂಬತ್ತು. ಕಂಪ್ಯೂಟರ್ ರಿಪೇರಿಯ ಅಂಗಡಿ ಇತ್ತು, ಮದುವೆ ಆಗಿರಲಿಲ್ಲ. ಎರಡು ಸಂಬಂಧ ತಪ್ಪಿದ ಮೇಲೆ ಮನೆಯವರೂ ಆ ಮಾತು ಬಿಟ್ಟಿದ್ದರು. ಬಟ್ಟೆ ವ್ಯಾಪಾರಿ ಮಲ್ಲೇಶಪ್ಪನವರು ಅವನಿಗೆ ಒಂದು ಕೆಲಸ ಒಪ್ಪಿಸಿದ್ದರು. ಶಿಕಾರಿಪುರ, ಸೊರಬ ಎರಡೂ ಕಡೆ ಅವರ ಅಂಗಡಿ; ಶಿರಾಳಕೊಪ್ಪದಲ್ಲಿ ಮೂರನೆಯದು ತೆರೆಯುವುದಿತ್ತು. ಅವರ ಭಾವಮೈದನದು ಒಂದೇ ಕಂಪ್ಯೂಟರಿನ ಹೊಲಿಗೆ ಅಂಗಡಿ; ಅದನ್ನೂ ಲೆಕ್ಕಕ್ಕೆ ಹಿಡಿಯಬೇಕಿತ್ತು. ಬಿಲ್ಲು, ದಾಸ್ತಾನು ಎಲ್ಲ ಊರಿಂದೂರಿಗೆ ಇಂಟರ್ನೆಟ್ಟಿನಲ್ಲೇ ಹೋಗಬೇಕು, ಆದರೆ ಬೇರೆಯವರ ಕಣ್ಣಿಗೆ ಬೀಳಬಾರದು. ಅದಕ್ಕೆ ವಿಪಿಎನ್ ಎನ್ನುವ ಗುಟ್ಟಿನ ಲೈನು ಬೇಕು; ಯಾವ ಗಾತ್ರದ ಅಂಗಡಿಗೆ ಯಾವ ಬಗೆಯದು ಅಂತ ಪರೀಕ್ಷೆ ಮಾಡಿ ಬರೆದುಕೊಡು ಎಂದಿದ್ದರು. ಸೊರಬದ ಅಂಗಡಿಯ ಆಫೀಸು ನೋಡಿಕೊಳ್ಳುತ್ತಿದ್ದವಳು ಗಂಗಾಶ್ರೀ.

ಮೊದಲ ಬಗೆಯದು ಕಂಪ್ಯೂಟರಿಗೆ ಹಾಕುವ ಆ್ಯಪ್. ಒಬ್ಬರೇ ಕೂರುವ ಅಂಗಡಿಗೆ ಅಷ್ಟು ಸಾಕು. ಆದರೆ ದಿನಾ ಬೆಳಿಗ್ಗೆ ಪಾಸ್‌ವರ್ಡ್ ಜೊತೆ ಆರಂಕಿಯ ಕೋಡ್ ಒತ್ತಬೇಕು. ಆ ಕೋಡ್ ಬರುತ್ತಿದ್ದುದು ತಿಪ್ಪೇಶನ ಫೋನಿಗೆ. ಒಂಬತ್ತೂವರೆಗೆ ಸರಿಯಾಗಿ ಅವಳ ಕರೆ ಬರುತ್ತಿತ್ತು.

"ನಾಲ್ಕು, ಒಂದು, ಏಳು..."

"ನಿಧಾನಕ್ಕೆ ಹೇಳಿ. ಬಸ್ಸೇನು ಹೋಗಲ್ಲ."

"ಅರ್ಧ ನಿಮಿಷಕ್ಕೆ ಬದಲಾಗತೈತಿ ಮೇಡಂ."

"ಬದಲಾದ್ರೆ ಇನ್ನೊಂದು ಹೇಳಿ."

ಅವಳು ಬೇಕೆಂದೇ ತಡಮಾಡುತ್ತಾಳೆ ಎಂದು ಅವನಿಗೆ ಎರಡನೇ ವಾರ ತಿಳಿಯಿತು. ಎಂಟೂವರೆಗೇ ಅಂಗಡಿ ಬಾಗಿಲು ತೆಗೆದು ಕಾಯುವುದು ಅವನಿಗೆ ಅದಕ್ಕೂ ಮುಂಚೆಯೇ ಅಭ್ಯಾಸವಾಗಿಹೋಗಿತ್ತು.

ಶನಿವಾರ ಅವನೇ ಸೊರಬಕ್ಕೆ ಹೋಗುತ್ತಿದ್ದ. ಲೈನು ಮತ್ತೆ ಕೂಡುವವರೆಗೆ ಇಬ್ಬರೂ ಒಂದೇ ಪರದೆ ನೋಡುತ್ತ ಕೂರಬೇಕಿತ್ತು. ಅಂಥ ಒಂದು ಕಾಯುವಿಕೆಯಲ್ಲಿ, ಸೀರೆಯ ನಂಬರು ಓದುವ ದನಿಯಲ್ಲೇ ಅವಳು ಹೇಳಿದಳು: ಗಂಡ ಲಾರಿ ಅಪಘಾತದಲ್ಲಿ ತೀರಿಹೋಗಿ ಐದು ವರ್ಷ. ಮಗಳು ರಕ್ಷಿತಾ ಎಂಟನೇ ಕ್ಲಾಸು. ತಾಯಿ ಮಗಳು ಇರುವುದು ಅತ್ತೆ ರಾಜೇಶ್ವರಮ್ಮನ ಜೊತೆಯಲ್ಲೇ.

ತಿಪ್ಪೇಶ ಕೇಬಲ್ ತೆಗೆದು ಮತ್ತೆ ಚುಚ್ಚಿದ.

ಅವಳು ಓರೆಗಣ್ಣಿನಲ್ಲಿ ನೋಡಿದಳು. "ಒಂದು ಕೇಳ್ತೀನಿ. ಆ ಕೋಡು ನನ್ನ ಫೋನಿಗೇ ಬರೋ ಹಾಗೆ ಮಾಡಬಹುದಿತ್ತಲ್ವಾ?"

"ಮಾಡಬಹುದಿತ್ತು."

"ಮತ್ತೆ?"

"ಮಾಡ್ಲಿಲ್ಲ."

ಅವಳ ಕಿವಿಯ ಅಂಚು ಕೆಂಪಾಗಿದ್ದನ್ನು ಅವನು ಕಂಡ. ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಎರಡನೆಯದು ತಲೆಗಿಷ್ಟು ಅಂತ ತಿಂಗಳ ಬಾಡಿಗೆಯದು, ಇಪ್ಪತ್ತು ಮೂವತ್ತು ಶಾಖೆ ಇರುವ ಕಂಪನಿಗಳಿಗೆ ಮಾಡಿದ್ದು. ಎರಡು ಅಂಗಡಿಗೆ ಅದು ಇಬ್ಬರ ಊಟಕ್ಕೆ ಕಲ್ಯಾಣಮಂಟಪ ಹಿಡಿದ ಹಾಗೆ. ಅದಕ್ಕೂ ಕೋಡ್ ಬೇಕಿತ್ತು; ಕರೆ ನಿಲ್ಲಲಿಲ್ಲ. ಮೂರನೆಯದಕ್ಕೆ ಎರಡೂ ಅಂಗಡಿಯಲ್ಲಿ ಒಂದೊಂದು ರೌಟರ್ ಕೂರಿಸಿದ. ಅವೆರಡೂ ತಾವೇ ಕೈಹಿಡಿದುಕೊಂಡು ಹಗಲೂ ರಾತ್ರಿ ಜೋಡಿಯಾಗಿರುತ್ತವೆ. ಪಾಸ್‌ವರ್ಡ್ ಬೇಡ, ಕೋಡ್ ಬೇಡ.

ಒಂಬತ್ತೂವರೆ ಸುಮ್ಮನೆ ಕಳೆದುಹೋಗತೊಡಗಿತು.

ಐದನೇ ದಿನ ಫೋನು ಬಂತು. "ಏನೂ ತೊಂದರೆ ಇಲ್ಲ," ಎಂದಳು. "ಅದನ್ನ ಹೇಳೋಕೇ ಮಾಡಿದೆ." ಇಟ್ಟುಬಿಟ್ಟಳು.

ಹನ್ನೆರಡು ದಿನದಲ್ಲಿ ಲೈನು ಒಮ್ಮೆಯೂ ಕಡಿಯಲಿಲ್ಲ. ಹಾಗಾದರೆ ಸೊರಬದ ದಾಸ್ತಾನನ್ನು ಶಿಕಾರಿಪುರದಲ್ಲಿ ಕೂತೇ ನೋಡಬಹುದು, ಅಲ್ಲಿ ಆಫೀಸಿಗೆ ಅಂತ ಬೇರೆ ಜನ ಯಾಕೆ ಎಂದು ಮಲ್ಲೇಶಪ್ಪನವರು ಆಗಲೇ ಅಂದಿದ್ದರು. ತಿಪ್ಪೇಶ ವರದಿ ಬರೆಯಲು ಕೂತ. 'ಕಡಿದದ್ದು: ಸೊನ್ನೆ' ಎಂಬಲ್ಲಿ ಏಳು ಎಂದು ತಿದ್ದಿದ. ಹತ್ತು ನಿಮಿಷ ಅದನ್ನೇ ನೋಡಿ ಅವಳಿಗೆ ಫೋನು ಮಾಡಿದ.

"ಏಳು ಸಲ ಕಡಿದೈತಿ ಅಂತ ಬರೀತೀನಿ."

"ಸೊನ್ನೆ," ಎಂದಳು ಗಂಗಾಶ್ರೀ. "ದಿನಾ ಬರೆದಿಟ್ಟವಳು ನಾನೇ."

"ನಿಮ್ಮ ಕೆಲಸ ಹೋಗತೈತಿ."

"ಗೊತ್ತು. ನೀವು ಸುಳ್ಳು ಬರೆದ್ರೆ ದಿನಾ ಅದರ ಮುಂದೆ ಕೂರಬೇಕಾದವಳೂ ನಾನೇ. ನಿಮ್ಮ ಮುಖ ನೋಡೋದು ಹೇಗೆ ಆಮೇಲೆ?"

ಅವನು ಸೊನ್ನೆ ಬರೆದ.

ಮಲ್ಲೇಶಪ್ಪನವರು ಕೆಟ್ಟವರಲ್ಲ. ಗಂಗಾಶ್ರೀ ಶಿಕಾರಿಪುರದ ಅಂಗಡಿಗೆ ಬರಲಿ, ಅದೇ ಸಂಬಳ ಎಂದರು. ತಿಪ್ಪೇಶನ ಎದೆ ಹಗುರಾಯಿತು. ಹಗುರಾದದ್ದಕ್ಕೆ ನಾಚಿಕೆಯೂ ಆಯಿತು. ಶನಿವಾರ ಸೊರಬದ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಅವಳ ಪಕ್ಕ ಕೂತು ಹೇಳಿದ, "ಕೆಲಸಕ್ಕಷ್ಟೇ ಬರಬ್ಯಾಡ್ರಿ. ನನ್ನ ಮನೆಗೆ ಬರ್ರಿ. ರಕ್ಷಿತಾನ್ನೂ ಕರ್ಕೊಂಡು."

ಗಂಗಾಶ್ರೀ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು.

"ನೀವು ಕೇಳ್ತೀರಿ ಅಂತ ಗೊತ್ತಿತ್ತು. ನಿನ್ನೆ ಅವಳನ್ನೇ ಕೇಳಿದೆ. ಅಳಲಿಲ್ಲ. ಅಪ್ಪನ ಫೋಟೋ ಯಾರ ಹತ್ರ ಇರುತ್ತಮ್ಮ, ಅಜ್ಜಿ ಹತ್ರಾನಾ ನಮ್ಮ ಹತ್ರಾನಾ ಅಂದಳು. ಅತ್ತೆ ಅಡುಗೆಮನೆಯಲ್ಲಿ ಇದ್ರು. ಪಾತ್ರೆ ತೊಳೀತಿದ್ದವರು ಸದ್ದು ನಿಲ್ಲಿಸಿದ್ರು."

ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ಹೋಗುವ ಬಸ್ಸು ಬಂದು ನಿಂತಿತು.

"ನಿಮ್ಮ ಮೇಲೆ ಮನಸ್ಸಿಲ್ಲ ಅಂತಲ್ಲ," ಎಂದಳು. "ಇದೆ. ಅದನ್ನ ಒಂದು ಸಲ ಬಾಯಿಬಿಟ್ಟು ಹೇಳಬೇಕು ಅಂತಲೇ ಬಂದೆ. ಆದ್ರೆ ಅತ್ತೇನ ಒಬ್ಬರನ್ನೇ ಬಿಟ್ಟು ಬರೋಕಾಗಲ್ಲ; ಇಲ್ಲೇ ಸೊರಬದಲ್ಲೇ ಏನಾದ್ರೂ ಕೆಲಸ ನೋಡ್ಕೊಳ್ತೀನಿ. ಕಾಯಿರಿ ಅಂತ ನಾನು ಹೇಳಲ್ಲ."

"ನೀವು ಹೇಳಾದು ಬ್ಯಾಡ."

ಅವಳು ಅವನ ಅಂಗೈಯನ್ನು ಒಮ್ಮೆ ಒತ್ತಿ ಹಿಡಿದಳು, ಬಸ್‌ಸ್ಟ್ಯಾಂಡಿನಲ್ಲಿ, ಎಲ್ಲರೂ ನೋಡುವಂತೆ. ಆಮೇಲೆ ಎದ್ದು ಪೇಟೆಯ ಕಡೆ ನಡೆದಳು. ತಿರುಗಿ ನೋಡಲಿಲ್ಲ.

ಸೋಮವಾರ ಮಲ್ಲೇಶಪ್ಪನವರ ಫೋನು. "ಸೊರಬದ್ದು ಹೆಂಗೈತಪ್ಪಾ?"

ತಿಪ್ಪೇಶ ಪರದೆ ನೋಡಿದ. ಆ ಕಡೆಯ ಕುರ್ಚಿಯಲ್ಲಿ ಈಗ ಯಾರೂ ಇಲ್ಲ ಎಂದು ಅವನಿಗೆ ಗೊತ್ತಿತ್ತು. ಲೈನಿನ ಹಸಿರು ದೀಪ ಉರಿಯುತ್ತಿತ್ತು.

"ಚೆನ್ನಾಗೈತ್ರಿ," ಎಂದ. "ಒಂದ್ಸಲಾನೂ ಕಡಿದಿಲ್ಲ."