ಹಸಿರು ದೀಪದ ಹಾಸಿಗೆ

“ಉಸಿರು ಬರುವುದನ್ನು ಗಮನಿಸಿ. ಹೋಗುವುದನ್ನು ಗಮನಿಸಿ.” ಹಣೆಗೆ ಕಟ್ಟಿದ ಪಟ್ಟಿಗಳು ಮೆಲ್ಲಗೆ ಹೇಳುತ್ತಿದ್ದಂತೆ ವಾರ್ಡಿನ ಮಂಚಗಳ ಮೇಲಿನ ದೀಪಗಳು ಒಂದೊಂದಾಗಿ ಕೆಂಪಿನಿಂದ ಹಸಿರಿಗೆ ತಿರುಗಿದವು. ಎಲ್ಲಕ್ಕಿಂತ ಮೊದಲು ಹಸಿರಾದದ್ದು ಕಸ್ತೂರಿ ಬಾರಕೇರ ಮಲಗಿದ್ದ ಮಂಚದ ದೀಪ. ಯಾವಾಗಲೂ ಅವಳದೇ ಮೊದಲು.

2058ರ ಹೊತ್ತಿಗೆ ಧಾರವಾಡದ ಆ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಈ ‘ಸಾವಧಾನ ಪಟ್ಟಿ’ ಕಟ್ಟದ ರೋಗಿ ಇರಲಿಲ್ಲ. ಉಸಿರಿನ ಲಯ, ನಾಡಿ, ಚರ್ಮದ ಬೆವರು ಅಳೆದು ಮನಸ್ಸು ಎಷ್ಟು ನೆಮ್ಮದಿಯಾಗಿದೆ ಎಂದು ಅದು ಮಂಚದ ದೀಪದಲ್ಲಿ ತೋರಿಸುತ್ತಿತ್ತು: ಕಳವಳಕ್ಕೆ ಕೆಂಪು, ನೆಮ್ಮದಿಗೆ ಹಸಿರು. ಭಯದಿಂದ ನಿದ್ದೆಗೆಟ್ಟ ಎಷ್ಟೋ ಜನ ಅದರ ದನಿ ಕೇಳುತ್ತ ನಿದ್ದೆಹೋಗಿದ್ದರು, ಅದು ಸುಳ್ಳಲ್ಲ. ಆದರೆ ಜೊತೆಗೇ ಇನ್ನೊಂದು ರೂಢಿ ಬೆಳೆದಿತ್ತು. ಡಾಕ್ಟರುಗಳು ಕೆಂಪು ದೀಪದ ಹತ್ತಿರ ನಿಲ್ಲುತ್ತಿದ್ದರು, ಹಸಿರಿನವರಿಗೆ ನಕ್ಕು ಮುಂದೆ ಹೋಗುತ್ತಿದ್ದರು.

ಕಸ್ತೂರಿಗೆ ಸ್ತನ ಕ್ಯಾನ್ಸರ್. ಹುಡುಗಿಯರ ಕಬಡ್ಡಿ ತಂಡದ ಕೋಚ್, ಹಿಂದೆ ತಾನೇ ಹೆಸರಾಂತ ರೇಡರ್. ಕೆಲವು ದಿನಗಳಿಂದ ಬೆನ್ನು ಸೀಳುವಂತೆ ನೋಯುತ್ತಿತ್ತು. ಈಗ ಎಡಗಾಲು ಜೋಮು ಹಿಡಿಯುತ್ತಿತ್ತು. ಡಾಕ್ಟರಿಗೆ ಹೇಳಿದ್ದಳು. ಮಲಗಿ ಮಲಗಿ ಹಿಡಿದಿರಬೇಕು ಎಂದು ಮಾತ್ರೆ ಕೊಟ್ಟಿದ್ದರು.

ಆ ದಿನ ಡಾಕ್ಟರ ಜೊತೆ ಪಟ್ಟಿಯನ್ನು ಕಂಡುಹಿಡಿದ ಸುಹಾಸ ಹೊಸಮನಿಯೂ ಬಂದಿದ್ದ. ಅವಳ ದೀಪ ಕಂಡು ಅವನ ಮುಖ ಅರಳಿತು.

“ಅಕ್ಕಾರ, ಇಡೀ ಆಸ್ಪತ್ರಿಯೊಳಗ ನಿಮ್ಮಷ್ಟು ನೆಮ್ಮದಿ ಯಾರಿಗೂ ಇಲ್ರಿ. ನಿಮ್ಮ ಗ್ರಾಫ್ ಎಲ್ಲಾ ಕಡೆ ತೋರಸ್ತೀನಿ.”

“ತೋರಸು. ಹಂಗ ನನ್ನ ಬೆನ್ನೂ ಯಾರಿಗರ ತೋರಸು.”

ಡಾಕ್ಟರು ದೀಪದತ್ತ ಕಣ್ಣು ಹಾಯಿಸಿದರು. “ಅಷ್ಟು ನೋವಿದ್ರ ಹಸಿರು ಬರೂದಿಲ್ರಿ ಮೇಡಂ. ಸಮಾಧಾನದಿಂದ ಇರ್ರಿ.”

“ನಿಂದರ್ರಿ!”

ಕಸ್ತೂರಿಯದು ಮೈದಾನದ ಆಚೆ ತುದಿಗೆ ಮುಟ್ಟುವ ದನಿ. ವಾರ್ಡು ತಿರುಗಿ ನೋಡಿತು. ದೀಪ ಒಮ್ಮೆ ಕೆಂಪಾಗಿ, ಮತ್ತೆ ಹಸಿರಾಯಿತು.

“ತಮ್ಮಾ, ಇಲ್ಲಿ ಕಿವಿ ಕೊಡು.”

ಸುಹಾಸ ಬಗ್ಗಿದ. ತುಟಿ ಅಲ್ಲಾಡದಂತೆ ಅವಳು ಗುನುಗುತ್ತಿದ್ದಳು: ಕಬಡ್ಡಿ, ಕಬಡ್ಡಿ, ಕಬಡ್ಡಿ. ಒಂದೇ ಉಸಿರು, ಉದ್ದಕ್ಕೆ, ಒಂದೇ ಸಮ.

“ಏಳು ಮಂದಿ ಕಾಲು ಹಿಡಿಯಾಕ ಕಾದು ನಿಂತಾಗ ರೇಡರ್ ಹಿಂಗ ದಮ್ಮು ಕಟ್ತಾಳ. ಹೆದರಿಕಿ ಆದಷ್ಟೂ ಉಸಿರು ಸಮ ಇಡಬೇಕು, ಬಿಟ್ರ ಔಟ್. ನೋವು ಬಂದ್ರೂ ಅದೇ ರೂಢಿ. ನಿನ್ನ ಮಷೀನು ಇದಕ್ಕ ನೆಮ್ಮದಿ ಅಂತೈತಿ. ನಾ ನೆಮ್ಮದಿಯಾಗಿಲ್ಲೋ, ಆಡಾಕತ್ತೀನಿ! ಈಗ ದಮ್ಮು ಬಿಡ್ತೀನಿ, ನೋಡು.”

ಗುನುಗು ನಿಂತಿತು. ಹಲ್ಲುಗಳ ನಡುವಿನಿಂದ ನರಳಾಟ ಹೊರಬಂತು. ದೀಪ ಕೆಂಪಗೆ ಉರಿಯಿತು.

ಪಟ್ಟಿಯ ಲೆಕ್ಕದಲ್ಲಿ ಉಸಿರಿಗೆ ಹೆಚ್ಚು ತೂಕ ಕೊಟ್ಟವನು ಸುಹಾಸನೇ. ಪಟ್ಟಿಗೆ ನೆಮ್ಮದಿ ಎಂದರೇನೆಂದು ಕಲಿಸಲು ಧ್ಯಾನಶಿಬಿರದ ಜನರನ್ನು ಕೂರಿಸಿದ್ದ. ಅವರಲ್ಲಿ ಯಾರಿಗೂ ನೋವಿರಲಿಲ್ಲ.

ಕಸ್ತೂರಿ ಪಟ್ಟಿ ಬಿಚ್ಚಿ ಅವನ ಕೈಗೆ ತುರುಕಿದಳು. “ಸ್ಕ್ಯಾನ್ ಆಗೂತನಕ ಕಟ್ಟೂದಿಲ್ಲ.”

“ನಂದೂ ತಗೋಳೋಪಾ,” ಎಂದಳು ಪಕ್ಕದ ಮಂಚದ ಮುದುಕಿ. “ಜೀವ ಹೋದ್ರೂ ಹಸಿರಾ ಇರತೈತೇನೋ ಇದು!” ಎದುರು ಸಾಲಿನಲ್ಲಿ ಯಾರೋ ನಕ್ಕರು. ಮತ್ತೆರಡು ಪಟ್ಟಿಗಳು ಬಿಚ್ಚಿದವು.

ಮಧ್ಯಾಹ್ನವೇ ಸ್ಕ್ಯಾನ್ ಆಯಿತು. ಬೆನ್ನುಮೂಳೆಗೆ ಹಬ್ಬಿದ ಗಡ್ಡೆ ನರಹುರಿಯನ್ನು ಒತ್ತುತ್ತಿತ್ತು. ಅಂದೇ ವಿಕಿರಣ ಚಿಕಿತ್ಸೆ ಶುರುವಾಯಿತು. ಕ್ಯಾನ್ಸರ್ ಹೋಗಲಿಲ್ಲ. ಕಾಲುಗಳ ಸ್ವಾಧೀನ ಉಳಿಯಿತು.

“ಕಬಡ್ಡಿ ಉಸಿರನ್ನೂ ಗುರುತಿಸೋ ಹಂಗ ಮಾಡ್ತೀನ್ರಿ, ಅಕ್ಕಾರ,” ಎನ್ನುತ್ತ ಕೆಲವು ದಿನಗಳ ಮೇಲೆ ಸುಹಾಸ ಬಂದ.

“ಬ್ಯಾಡ. ದೀಪ ತಗಿ.”

ಅವನು ದೀಪ ತೆಗೆದ, ದನಿ ಉಳಿಸಿದ. ಕಸ್ತೂರಿ ಬೆಳಿಗ್ಗೆ ತನಗೆ ಬೇಕೆನಿಸಿದರೆ ಪಟ್ಟಿ ಕಟ್ಟಿಕೊಂಡು ಉಸಿರನ್ನು ನೋಡುತ್ತ ಕೂರುತ್ತಾಳೆ. ಸಿಟ್ಟು ಬಂದರೆ ಸಿಟ್ಟನ್ನೂ ನೋಡುತ್ತಾಳೆ, ಓಡಿಸುವುದಿಲ್ಲ. ದೀಪ ಹೋದಮೇಲೆ ಡಾಕ್ಟರುಗಳು ಪ್ರತಿ ಮಂಚದ ಬಳಿಯೂ ನಿಂತು ಕೇಳಬೇಕಾಯಿತು. ರೌಂಡ್ಸ್ ಮುಗಿಯುವುದು ತಡವಾಗುತ್ತದೆಂದು ಅವರು ಗೊಣಗುತ್ತಲೇ ಇರುತ್ತಾರೆ.

2058 ಇನ್ನೂ ಬಂದಿಲ್ಲ, ಆ ಪಟ್ಟಿಯೂ ಹುಟ್ಟಿಲ್ಲ. ದೀಪ ನೋಡುವ ರೂಢಿ ಮಾತ್ರ ನಮಗೆ ಆಗಲೇ ಇದೆ. ಕ್ಯಾನ್ಸರ್ ಆದವರನ್ನು ಕಾಣಲು ಹೋಗುತ್ತೇವೆ, ಅವರು ನಗುವುದನ್ನು ಕಂಡು ಎಷ್ಟು ಗಟ್ಟಿ ಮನಸ್ಸು ಎಂದುಕೊಳ್ಳುತ್ತೇವೆ, ಬೆನ್ನು ಹೇಗಿದೆ ಎಂದು ಕೇಳದೆ ಬಸ್ಸು ಹತ್ತುತ್ತೇವೆ.